ಹಾಲಿನ ಪ್ಯಾಕೆಟ್ಟಿನಲ್ಲಿ ಬಂದ ಬ್ಯಾಟರಿ

ಚಾರ್ಜ್ ನಿಲ್ಲದ ಬ್ಯಾಟರಿ ಸತ್ತ ಬ್ಯಾಟರಿ ಅಲ್ಲ. ಫೋನಿನ ಪರದೆ ಸೊನ್ನೆ ತೋರಿಸಿ ಕಪ್ಪಾದ ಮೇಲೂ ಒಳಗೆ ಬೆಂಕಿ ಹತ್ತುವಷ್ಟು ಕರೆಂಟು ಉಳಿದಿರುತ್ತದೆ. ಅದನ್ನು ಬಿಸಿಲಿಗೆ ಬೇಯಿಸಿ ಮೇಲಿಂದ ಒಂದು ಮೊಳೆ ಚುಚ್ಚಿದರೆ ಸಾಕು. ಇದನ್ನು ಯಾರೂ ಅಡಗಿಸಿಟ್ಟಿಲ್ಲ. ಬ್ಯಾಟರಿಯ ಮೈಮೇಲೆ ಕಸದ ಬುಟ್ಟಿಯ ಚಿತ್ರ ಬರೆದು ಅದಕ್ಕೆ ಅಡ್ಡ ಗೀಟು ಹಾಕಿರುತ್ತಾರೆ. ಓದು ಬರಹ ಬಾರದವರಿಗೂ ಅರ್ಥವಾಗಲಿ ಎಂದೇ ಆ ಚಿತ್ರ. ನಮಗೆ ಓದು ಬರಹ ಬರುತ್ತದಲ್ಲ, ಹಾಗಾಗಿ ನಾವು ಚಿತ್ರ ನೋಡುವುದಿಲ್ಲ.

ನೋಡುವವಳು ಸೇವಂತಿ. ನೋಡದೆ ಅವಳಿಗೆ ಬೇರೆ ಗತಿ ಇಲ್ಲ.

ಸುಳ್ಯದಿಂದ ಸಂಪಾಜೆಗೆ ಹೋಗುವ ಹೆದ್ದಾರಿಯ ಬದಿಯಲ್ಲಿ ಒಂದು ಗ್ರಾಮ ಪಂಚಾಯತಿನ ಕಸ ವಿಂಗಡಿಸುವ ಶೆಡ್ಡು ಉಂಟು. ಪಂಚಾಯತಿನ ಹೆಸರು ಬೇಡ. ನಿಮ್ಮದೇ ಎಂದುಕೊಂಡರೂ ತಪ್ಪಾಗುವುದಿಲ್ಲ. ಮನೆಮನೆಯಿಂದ ಒಣಕಸ ತರುವ ಗಾಡಿಯ ಡ್ರೈವರು ಸೇವಂತಿ, ತಂದದ್ದನ್ನು ಮೇಜಿನ ಮೇಲೆ ಸುರಿದು ಬೇರ್ಪಡಿಸುವವಳೂ ಅವಳೇ. ಡ್ರೈವಿಂಗ್ ಕಲಿಯಲು ಯಾರು ತಯಾರಿದ್ದೀರಿ ಎಂದು ಹೆಂಗಸರ ಸ್ವಸಹಾಯ ಸಂಘದ ಸಭೆಯಲ್ಲಿ ಕೇಳಿದಾಗ ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಸೇವಂತಿ ಕೈ ಎತ್ತಿದಳು. ಕಲಿತ ಮೇಲೆ ಓಡಿಸಬೇಕಾದದ್ದು ಕಸದ ಗಾಡಿ ಎಂಬುದು ಆಮೇಲೆ ಗೊತ್ತಾಯಿತು. ಎತ್ತಿದ ಕೈ ಇಳಿಸಲು ಅವಳಿಗೆ ಮನಸ್ಸಾಗಲಿಲ್ಲ. ಗಂಡ ಬೆಳ್ಯಪ್ಪ ರಬ್ಬರ್ ಮರದ ಹಾಲು ತೆಗೆಯುವ ಟ್ಯಾಪಿಂಗಿಗೆ ಹೋಗುವವನು, ಮಾತು ಕಡಿಮೆ, ಆಡುವುದು ಅರೆಭಾಷೆ ಬೆರೆಸಿ. "ಹೋಗ್. ಗಾಡಿ ತೋಡಿಗೆ ಬಿದ್ರೆ ಮಾತ್ರ ನನ್ನ ಕರಿಬೇಡ" ಎಂದ, ಅಷ್ಟೇ.

ಗಾಡಿ ರಸ್ತೆ ಬದಿಯ ಯಾವ ತೋಡಿಗೂ ಹಳ್ಳಕ್ಕೂ ಬೀಳಲಿಲ್ಲ. ಕಡಿದಾದ ಏರಿನಲ್ಲಿ, ಹೆದ್ದಾರಿಯ ಲಾರಿಗಳ ನಡುವೆ, ಮಣ್ಣು ಕುಸಿದ ದಾರಿಯಲ್ಲಿ ಅವಳು ಅದನ್ನು ಐದು ವರ್ಷ ಓಡಿಸಿದಳು. ಮದುವೆಯಾಗಿ ಬಂದಾಗ ಬೆಳ್ಯಪ್ಪನ ಹೆಂಡತಿ, ಆಮೇಲೆ ಯಶಸ್ವಿಯ ಅಮ್ಮ ಆಗಿದ್ದವಳು ಗಾಡಿಯ ಕೀ ಕೈಗೆ ಬಂದ ಮೇಲೆ ಊರಿಗೆ ಸೇವಂತಿಯೇ ಆದಳು. ಆ ಕೀಯನ್ನು ಕಳೆದ ಅಕ್ಟೋಬರಿನಲ್ಲಿ ಪಂಚಾಯತು ಹಿಂದಕ್ಕೆ ತೆಗೆದುಕೊಂಡಿತು. ಸೇವಂತಿ ಬೆಂಕಿ ಹಚ್ಚಿದಳು ಎಂಬ ಮಾತು ಊರಲ್ಲಿ ಹಬ್ಬಿತು.

ಅದು ಹೇಗೆ ಎಂದು ಹೇಳಬೇಕಾದರೆ ಕಸದ ಮೇಜಿನಿಂದಲೇ ಶುರು ಮಾಡಬೇಕು.

ಆ ಮೇಜಿನ ಮುಂದೆ ನಿಂತವರಿಗೆ ಊರಿನ ಚರಿತ್ರೆ ಬೇರೆಯೇ ತರ ಕಾಣುತ್ತದೆ. ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರು ಶುಗರಿಗೆ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದಾರೆ, ಯಾರು ಕುಡಿಯುವುದನ್ನು ಬಿಟ್ಟೆ ಎಂದು ಸುಳ್ಳು ಹೇಳುತ್ತಿದ್ದಾರೆ, ಎಲ್ಲವೂ ಅಲ್ಲಿ ಬಂದು ಬೀಳುತ್ತದೆ. ಬ್ಯಾಟರಿಗಳೂ ಬೀಳುತ್ತವೆ. ಮೊದಲ ವರ್ಷ ಜನ ಮನೆಯ ಮೂಲೆ ಮೂಲೆ ಗುಡಿಸಿ ಕೊಟ್ಟಾಗ ಬಂದವು ಬೆಂಕಿಪೆಟ್ಟಿಗೆಗಿಂತ ತೆಳ್ಳಗಿನ, ಕೀಪ್ಯಾಡ್ ಫೋನಿನ ಬ್ಯಾಟರಿಗಳು. ಅವುಗಳ ಮೇಲೆ ಎಂಟುನೂರು ಚಿಲ್ಲರೆ, ಸಾವಿರದ ಇಪ್ಪತ್ತು ಎಂದೆಲ್ಲ ಅಂಕೆ ಇರುತ್ತಿತ್ತು. ಬ್ಯಾಟರಿ ಎಷ್ಟು ಕರೆಂಟು ಹಿಡಿಯುತ್ತದೆ ಎಂದು ಹೇಳುವ ಅಂಕೆ ಅದು. ಹಿಡಿಯುವುದು ಅಷ್ಟೇ ಆದರೂ ಬೆಳ್ಯಪ್ಪನ ಮೊದಲ ಫೋನು ಭಾನುವಾರ ಚಾರ್ಜಿಗಿಟ್ಟರೆ ಗುರುವಾರದ ತನಕ ಉಸಿರಾಡುತ್ತಿತ್ತು. ಮಾತಾಡುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸವೇ ಇರಲಿಲ್ಲವಲ್ಲ. ಬ್ಯಾಟರಿ ಸೋತರೆ ಉಗುರಿನಿಂದ ಎಬ್ಬಿಸಿ ತೆಗೆದು, ಅಂಗಿಗೆ ಉಜ್ಜಿ, ಅಂಗಳದಲ್ಲಿ ಬಿಸಿಲಿಗಿಡುವುದು. ನಮ್ಮ ಕಡೆ ಯಾವುದಕ್ಕೆ ಏನಾದರೂ ಮೊದಲ ಮದ್ದು ಬಿಸಿಲು. ಹಾಸಿಗೆಗೂ ಬಿಸಿಲು, ಟಾರ್ಚಿನ ಸೆಲ್ಲಿಗೂ ಬಿಸಿಲು, ಮಿಂದು ಬಂದ ಮಗುವಿಗೂ ಬಿಸಿಲು.

ಆಮೇಲೆ ಬಂದವು ಸ್ಮಾರ್ಟ್‌ಫೋನಿನವು. ಸಾವಿರದೈನೂರು, ಎರಡು ಸಾವಿರ. ಅಂಕೆ ದೊಡ್ಡದಾಯಿತು, ದಿನ ಸಣ್ಣದಾಯಿತು: ಬೆಳಿಗ್ಗೆ ತುಂಬಿಸಿದರೆ ಸಂಜೆಗೆ ಖಾಲಿ. ಚಾರ್ಜರೋ ಐದು ವಾಟಿನದ್ದು, ತುಂಬಿಸಲು ಅರ್ಧ ದಿನ ಬೇಕು. ಮೂರು ಸಾವಿರ ಬಂದಾಗ ಫೋನಿನ ಬೆನ್ನು ಮುಚ್ಚಿಹೋಯಿತು. ಅಲ್ಲಿಂದ ಮುಂದೆ ಉಗುರಿಗೆ ಕೆಲಸ ಇಲ್ಲ, ಬ್ಯಾಟರಿಯನ್ನು ಒಳಗೆ ಅಂಟು ಹಾಕಿ ಕೂರಿಸಿದರು. ನಾಲ್ಕು ಸಾವಿರ, ಐದು ಸಾವಿರ ಬಂತು. ಚಾರ್ಜರು ಹತ್ತಾಯಿತು, ಹದಿನೆಂಟಾಯಿತು, ಮೂವತ್ತಮೂರು, ಅರವತ್ತೇಳು, ಎಂಬತ್ತು. ಈಗ ಆರು ಏಳು ಸಾವಿರದ ಬ್ಯಾಟರಿಯನ್ನು ಊಟ ಮಾಡಿ ಕೈ ತೊಳೆಯುವುದರೊಳಗೆ ಅರ್ಧಕ್ಕಿಂತ ಹೆಚ್ಚು ತುಂಬಿಸುವ ಫೋನುಗಳು ಸುಳ್ಯದ ಅಂಗಡಿಗಳಲ್ಲೇ ಸಿಗುತ್ತವೆ.

ಇದೆಲ್ಲ ಶೋಕಿ ಎಂದು ಘಟ್ಟದ ಮೇಲಿನವರು ಹೇಳಬಹುದು. ಇಲ್ಲಿ ಹಾಗಲ್ಲ. ಮಳೆಗಾಲದ ಕರೆಂಟು ಬರುವುದಕ್ಕೂ ಹೋಗುವುದಕ್ಕೂ ಹೇಳಿ ಕೇಳಿ ಮಾಡುವುದಿಲ್ಲ. ಗುಡುಗು ಕೇಳಿತೋ, ಮನೆಯಲ್ಲಿ ಯಾರಾದರೊಬ್ಬರು ಓಡಿ ಎಲ್ಲ ಪ್ಲಗ್ಗುಗಳನ್ನೂ ಕಿತ್ತು ಹಾಕುತ್ತಾರೆ, ಇಲ್ಲದಿದ್ದರೆ ಸಿಡಿಲಿಗೆ ಟೀವಿ, ಫ್ರಿಜ್ಜು ಎಲ್ಲ ಹೋಗುತ್ತದೆ. ಎರಡು ಗುಡುಗಿನ ನಡುವೆ ಸಿಕ್ಕಿದ ಕರೆಂಟಿನಲ್ಲಿ ಫೋನು ತುಂಬಬೇಕು. ಐದು ವಾಟಿನ ಚಾರ್ಜರಿಗೆ ಅಷ್ಟು ಪುರುಸೊತ್ತು ಎಲ್ಲಿ? ಹಾಗಾಗಿ ಜನ ವೇಗದ್ದನ್ನು ಕೊಂಡರು. ಕೊಂಡದ್ದು ತಪ್ಪಲ್ಲ. ಹಳೆಯದನ್ನು ಏನು ಮಾಡಿದರು ಎಂಬುದಷ್ಟೇ ಪ್ರಶ್ನೆ.

ಹಳೆಯದು ಡ್ರಾಯರಿಗೆ ಹೋಯಿತು. ಡ್ರಾಯರಿನಲ್ಲಿ ಉಬ್ಬಿ ಫೋನಿನ ಬೆನ್ನನ್ನೇ ಎಬ್ಬಿಸಿತು. ಉಬ್ಬಿದ್ದನ್ನು ನೋಡಿ ಹೆದರಿಕೆಯಾಗಿ ಕಸಕ್ಕೆ ಬಂತು. ಬರುವಾಗ ಬಚ್ಚಿಟ್ಟುಕೊಂಡು ಬಂತು. ಬ್ಯಾಟರಿ, ಬಲ್ಬು, ಟ್ಯೂಬ್‌ಲೈಟ್ ಒಣಕಸದಲ್ಲಿ ಹಾಕಬೇಡಿ ಎಂದು ಗಾಡಿಯ ಮೈಕು ದಿನಾ ಹೇಳುತ್ತದಲ್ಲ, ಅದು ಎಲ್ಲರಿಗೂ ಕೇಳಿದೆ. ಕೇಳಿದ್ದರಿಂದಲೇ ಬಚ್ಚಿಡುವುದು. ಹಾಲಿನ ಪ್ಯಾಕೆಟ್ಟಿನೊಳಗೆ ತುರುಕಿ, ಅದನ್ನು ಇನ್ನೊಂದು ಪ್ಯಾಕೆಟ್ಟಿನೊಳಗೆ ಇಟ್ಟು, ಬಾಯಿ ಕಟ್ಟಿ ಕೊಟ್ಟರೆ ಸೇವಂತಿಗೆ ಗೊತ್ತಾಗುವುದಿಲ್ಲ. ಗೇಟಿನ ಹತ್ತಿರ ನಗುತ್ತಲೇ ಕೊಡಬಹುದು.

ಮೇಜಿನ ಎದುರು ಬದಿಯಲ್ಲಿ ನಿಲ್ಲುವವಳು ಫೌಝಿಯಾ. ಕಡಬದ ಕಡೆಯಿಂದ ಮದುವೆಯಾಗಿ ಬಂದ ಬ್ಯಾರಿ ಹೆಂಗಸು, ಗಂಡ ಮಶೂದ್ ಗಲ್ಫಿನಲ್ಲಿ. ಸೇವಂತಿಗಿಂತ ಹತ್ತು ವರ್ಷ ಸಣ್ಣವಳು, ನಾಲಿಗೆ ಮಾತ್ರ ಹತ್ತು ವರ್ಷ ದೊಡ್ಡದು.

"ಅಕ್ಕಾ, ಈ ಬ್ಯಾಟರಿ ನನ್ನ ಮದುವೆಗಿಂತ ಹಳೇದು" ಎಂದು ಒಮ್ಮೆ ಒಂದು ತೆಳ್ಳಗಿನದನ್ನು ಎತ್ತಿ ತೋರಿಸಿದಳು.

"ಚಾರ್ಜ್ ಉಂಟಾ ನೋಡು."

"ಇದರದ್ದಾ, ಮದುವೆದ್ದಾ?"

"ಎರಡೂ ನೋಡು ಮಾರಾಯ್ತಿ."

"ಮದುವೆಗೆ ಎರಡು ವರ್ಷಕ್ಕೊಮ್ಮೆ ಚಾರ್ಜ್, ಅವರು ಊರಿಗೆ ಬಂದಾಗ. ಅದು ಫಾಸ್ಟ್ ಚಾರ್ಜ್ ಅಕ್ಕ. ನಲ್ವತ್ತೈದು ದಿನ, ಮುಗೀತು. ಪುನಃ ಏರ್‌ಪೋರ್ಟ್."

ಇಬ್ಬರೂ ನಕ್ಕರು. ನಕ್ಕು ಪುನಃ ಕೈ ಹಾಕಿದರು. ಸಿಕ್ಕಿದ ಬ್ಯಾಟರಿಗಳನ್ನು ಶೆಡ್ಡಿನ ಮೂಲೆಯ ಬಕೆಟ್ಟಿಗೆ ಹಾಕುತ್ತಿದ್ದರು. ಅದನ್ನು ಯಾರು ತೆಗೆದುಕೊಂಡು ಹೋಗುತ್ತಾರೆ ಎಂದು ಕೇಳಿದರೆ ಪಂಚಾಯತಿನಲ್ಲಿ "ನೋಡುವ" ಎನ್ನುತ್ತಿದ್ದರು. ನಮ್ಮ ಪಂಚಾಯತುಗಳಲ್ಲಿ ಈ "ನೋಡುವ" ಎಂಬ ಮಾತು ಎಷ್ಟು ಸಾವಿರದ ಬ್ಯಾಟರಿಯಲ್ಲಿ ಓಡುತ್ತದೋ, ಯಾವತ್ತೂ ಮುಗಿಯುವುದಿಲ್ಲ.

ಇನ್ನು ಒದ್ದೆಯ ವಿಷಯ. ಪ್ಲಾಸ್ಟಿಕ್ ಕೊಳ್ಳುವ ಲಾರಿಯವರು ಒದ್ದೆ ಮಾಲು ಮುಟ್ಟುವುದಿಲ್ಲ. ವರ್ಷದಲ್ಲಿ ಐದು ತಿಂಗಳು ಮಳೆ ಬರುವ ಊರಿನಲ್ಲಿ ಹಾಲಿನ ಪ್ಯಾಕೆಟ್ಟು ಒಣಗಿಸುವುದು ಎಲ್ಲಿ? ಉಪಾಯ ಸೇವಂತಿಗೇ ಹೊಳೆಯಿತು. ಇಲ್ಲಿ ಅಡಿಕೆ ಒಣಗಿಸಲು ಕಬ್ಬಿಣದ ಕಮಾನಿಗೆ ದಪ್ಪ ಪ್ಲಾಸ್ಟಿಕ್ ಹೊದೆಸಿದ ಗೂಡು ಕಟ್ಟುತ್ತಾರೆ. ಮಳೆ ಒಳಗೆ ಬರುವುದಿಲ್ಲ, ಬಿಸಿಲಿನ ಕಾವು ಹೊರಗೆ ಹೋಗುವುದಿಲ್ಲ, ಮಧ್ಯಾಹ್ನ ಒಳಗೆ ಹೊಕ್ಕರೆ ತಲೆ ಸಿಡಿಯುತ್ತದೆ. ಪಂಚಾಯತು ಸದಸ್ಯ ಲತೀಶ್ ತನ್ನ ಅಂಗಳಕ್ಕೆ ಹೊಸ ಗೂಡು ಮಾಡಿಸಿದ್ದ. ಹಳೆಯದನ್ನು ಕೊಡಿ ಎಂದು ಸೇವಂತಿ ಕೇಳಿದಳು, ಅವನು ಕೊಟ್ಟ. ಕೊಡುವಾಗ ಫೋಟೋ ತೆಗೆಸಿಕೊಂಡ, ವಾಟ್ಸಪ್ಪಿನಲ್ಲಿ ಹಾಕಿದ. ಅಡಿಕೆ ಒಣಗುವ ಗೂಡಿನಲ್ಲಿ ಪ್ಲಾಸ್ಟಿಕ್ಕೂ ಒಣಗುತ್ತದೆ ಎಂದು ಇಡೀ ಊರು ಹೊಗಳಿತು. ಸುತ್ತಲಿನ ಎರಡು ಪಂಚಾಯತಿನವರು ಬಂದು ನೋಡಿ ಹೋದರು. ಅದರಲ್ಲಿ ತಪ್ಪಿದೆ ಎಂದು ಯಾರ ತಲೆಗೂ ಹೋಗಲಿಲ್ಲ. ನಮ್ಮ ಕೈಗೆ ಏನು ಸಿಕ್ಕಿದರೂ ಅದನ್ನು ಅಡಿಕೆಯ ಹಾಗೆ ಹರಡುವ, ತಿರುವುವ, ಬಿಸಿಲಿಗೆ ಬಿಡುವ ಅಭ್ಯಾಸ. ಅಡಿಕೆ ಹೊಟ್ಟೆಯಲ್ಲಿ ಏನನ್ನೂ ಬಚ್ಚಿಟ್ಟುಕೊಂಡು ಬರುವುದಿಲ್ಲ ಎಂಬುದನ್ನು ಮರೆತೆವು.

ಅಕ್ಟೋಬರಿನಲ್ಲಿ ಒಂದು ವಾರ ಸಂಜೆ ಸಂಜೆ ಮಳೆ ಹೊಡೆದು, ಬೆಳಿಗ್ಗೆ ಚರ್ಮ ಸುಡುವ ಬಿಸಿಲು. ಗೂಡಿನ ತುಂಬ ಪ್ಯಾಕೆಟ್ಟುಗಳು ಮೊಣಕಾಲೆತ್ತರ ಬಿದ್ದಿದ್ದವು. ಲಾರಿ ಮರುದಿನ ಬರುವುದಿತ್ತು. ಊಟದ ಮುಂಚೆ ಒಮ್ಮೆ ತಿರುವಿ ಹಾಕುವ ಎಂದು ಸೇವಂತಿ ಕಬ್ಬಿಣದ ಹಲ್ಲಿನ ಗೋರೆಯನ್ನು ಫೌಝಿಯಾಳ ಕೈಗೆ ಕೊಟ್ಟು ತಾನು ಗಾಡಿ ತೊಳೆಯಲು ಹೋದಳು.

ಕುಕ್ಕರಿನ ವಿಶಲ್ಲಿಗಿಂತ ಸಣ್ಣದೊಂದು ಸದ್ದು ಕೇಳಿತು, ಬುಸ್ಸೆಂದು. ತಿರುಗಿ ನೋಡಿದರೆ ಗೂಡಿನೊಳಗೆ ಬಿಳಿ ಹೊಗೆ. ಹಾವು ಎಂದುಕೊಂಡು ಫೌಝಿಯಾ ಗೋರೆಯನ್ನು ಮತ್ತೊಮ್ಮೆ ಅಲ್ಲಿಗೇ ಹೊಡೆದಿದ್ದಳು. ಅದೇ ಕೆಟ್ಟದ್ದು. ಹೊಗೆಯೊಳಗಿಂದ ಬೆಂಕಿ ಚಿಮ್ಮಿ ಅವಳ ಬಲಗೈಯ ತೋಳಿಗೆ ಹಿಡಿಯಿತು. ನೈಲಾನ್ ಬಟ್ಟೆ ಉರಿಯುವ ಮೊದಲೇ ಕರಗುತ್ತದೆ, ಕರಗಿ ಚರ್ಮಕ್ಕೆ ಅಂಟುತ್ತದೆ. ಸೇವಂತಿ ಅವಳನ್ನು ಸೊಂಟ ಹಿಡಿದು ಹೊರಗೆ ಎಳೆದು, ಗಾಡಿ ತೊಳೆಯುವ ಪೈಪಿನ ನೀರನ್ನು ಅವಳ ಸುಟ್ಟ ತೋಳಿಗೆ ಹಿಡಿದಳು. ಗೂಡನ್ನು ಉಳಿಸಲಾಗಲಿಲ್ಲ. ಅದು ಕಮಾನುಗಳನ್ನು ಬಿಟ್ಟು ಎಲ್ಲ ಕರಗಿ ಬಿತ್ತು, ಪಕ್ಕದಲ್ಲಿ ನಿಂತಿದ್ದ ಗಾಡಿಯ ಒಂದು ಬದಿ ಕಪ್ಪಾಯಿತು.

ಆಸ್ಪತ್ರೆಗೆ ಕರೆದುಕೊಂಡು ಹೋದದ್ದೂ ಅದೇ ಗಾಡಿಯಲ್ಲಿ. ಸುಳ್ಯದ ತನಕ ಫೌಝಿಯಾ ಅಳಲಿಲ್ಲ. ಒಂದೇ ಮಾತು ಕೇಳಿದಳು: "ಅಕ್ಕ, ಹಾವು ಸತ್ತಿತಾ?"

"ಹಾವಲ್ಲ ಮಾರಾಯ್ತಿ."

"ಮತ್ತೆ ಎಂತ?"

ಸೇವಂತಿ ಗಾಡಿಯ ವೇಗ ಹೆಚ್ಚಿಸಿದಳು. ಅವಳಿಗೆ ಅಷ್ಟರಲ್ಲೇ ಗೊತ್ತಾಗಿತ್ತು.

ಮರುದಿನ ಬೂದಿ ಕೆದಕಿದಾಗ ಸಿಕ್ಕಿದ ಕರಕಲನ್ನು ಅವಳು ಡಬ್ಬಿಯಲ್ಲಿ ಹಾಕಿ ಸುಳ್ಯದ ಪೇಟೆಗೆ, ರವೂಫನ ಮೊಬೈಲ್ ರಿಪೇರಿ ಅಂಗಡಿಗೆ ತೆಗೆದುಕೊಂಡು ಹೋದಳು. ರವೂಫ್ ಫೌಝಿಯಾಳ ದೂರದ ಸಂಬಂಧಿ, ಅವಳ ಕೈಯ ವಿಷಯ ಕೇಳಿ ಆಗಿತ್ತು. ಕರಕಲನ್ನು ಚಿಮ್ಮಟದಲ್ಲಿ ತಿರುಗಿಸಿ ನೋಡಿದ.

"ಇದು ಒಂದಲ್ಲ ಅಕ್ಕ, ಎರಡು. ನೋಡಿ, ಇಲ್ಲಿ ಜೋಡಿಸಿದ್ದು ಉಂಟು. ವಾಟು ಜಾಸ್ತಿ ಇದ್ದ ಎಷ್ಟೋ ಫೋನಲ್ಲಿ ಹೀಗೆ ಎರಡು ತುಂಡು ಮಾಡಿ ಇಡ್ತಾರೆ, ಎರಡಕ್ಕೂ ಒಟ್ಟಿಗೆ ತುಂಬಿಸ್ಲಿಕ್ಕೆ. ಹಳೇದಲ್ಲ ಇದು. ಮೂರು ವರ್ಷ ಆಗಿರ್ಬೇಕು, ಅಷ್ಟೇ."

"ಅಷ್ಟು ವೇಗ ತುಂಬಿಸಿದ್ದಕ್ಕೆ ಹೀಗೆ ಆಯ್ತಾ?"

"ವೇಗ ಅಲ್ಲ, ಬಿಸಿ. ತುಂಬುವಾಗ ಬಿಸಿ ಆದ್ರೆ ಕಡಿಮೆ ಮಾಡ್ಲಿಕ್ಕೆ ಫೋನಿಗೆ ಬುದ್ಧಿ ಉಂಟು. ಜನ ಎಂತ ಮಾಡುದು, ತಲೆದಿಂಬಿನ ಅಡಿಯಲ್ಲಿ ಇಟ್ಟು ಚಾರ್ಜ್ ಮಾಡುದು, ಕಾರಿನ ಗ್ಲಾಸಿನ ಹತ್ರ ಬಿಸಿಲಿಗೆ ಇಟ್ಟು ಮ್ಯಾಪ್ ನೋಡುದು. ಆಮೇಲೆ ಚಾರ್ಜ್ ನಿಲ್ಲುದಿಲ್ಲ ಅಂತ ಇಲ್ಲಿಗೆ ಬರುದು. ಕಂಪೆನಿ ಬ್ಯಾಟರಿ ತರಿಸ್ಬೇಕು, ಪುತ್ತೂರಿಗೆ ಹೋಗಿ ಕೇಳಿ ಅಂತ ಹೇಳಿದ್ರೆ ಯಾರಿಗೂ ಕಾಯ್ಲಿಕ್ಕೆ ಆಗುದಿಲ್ಲ. ಅರ್ಧ ಗಂಟೆಯಲ್ಲಿ ಫೋನು ತುಂಬಿ ಅಭ್ಯಾಸ ಆಗಿದೆಯಲ್ಲ. ಹೊಸದೇ ತೆಗೀತಾರೆ." ಅವನು ಡಬ್ಬಿಯ ಮುಚ್ಚಳ ಹಾಕಿದ. "ತೆಗೀಲಿ. ಹಳೇದನ್ನು ನನ್ನ ಹತ್ರ ಆದ್ರೂ ಕೊಡ್ಬಹುದಲ್ಲ. ನಾನು ಮಂಗಳೂರಿಗೆ ಕಳಿಸ್ತೇನೆ. ಅದಕ್ಕೂ ಅವರಿಗೆ ನಾಚಿಕೆ."

"ನಾಚಿಕೆ ಎಂತಕ್ಕೆ?"

"ಉಬ್ಬಿದ ಬ್ಯಾಟರಿ ಕೊಂಡುಬಂದ್ರೆ ನಾನು ಬಯ್ತೇನೆ ಅಂತ."

"ನೀವು ಬಯ್ತೀರಾ?"

"ಬಯ್ತೇನೆ" ಎಂದ ರವೂಫ್.

ಗಾಡಿಯ ಕೀ ಆಗಲೇ ಪಂಚಾಯತಿನ ಮೇಜಿಗೆ ಹೋಗಿತ್ತು. ತೀರ್ಮಾನ ಆಗುವ ತನಕ ಮನೆಯಲ್ಲಿರಿ ಎಂದಿದ್ದರು. ಸೇವಂತಿ ಮನೆಯಲ್ಲಿದ್ದಳು. ಐದು ವರ್ಷದಲ್ಲಿ ಮೊದಲ ಸಲ ಹಗಲು ಹೊತ್ತಿನಲ್ಲಿ ಮಲಗಿದಳು, ನಿದ್ದೆ ಬರಲಿಲ್ಲ. ದಣಿವು ಎಂದರೆ ಏನೆಂದು ಆಗ ತಿಳಿಯಿತು ಅವಳಿಗೆ: ಕೆಲಸ ಮಾಡುವಾಗ ಬರುವುದು ಅದಲ್ಲ, ಕೆಲಸ ನಿಂತ ಮೇಲೆ ಬಂದು ಎದೆಯ ಮೇಲೆ ಕುಳಿತುಕೊಳ್ಳುವುದು. ರಸ್ತೆಯಲ್ಲಿ ಹೋಗುವವರು ತನ್ನ ಅಂಗಳದ ಕಡೆ ನೋಡುತ್ತಿದ್ದಾರೆ ಎಂದು ಅನಿಸುತ್ತಿತ್ತು. ನೋಡುತ್ತಲೂ ಇದ್ದರು. ಮೂರು ದಿನಕ್ಕೆ ಕಸ ಗೇಟುಗಳ ಬುಡದಲ್ಲಿ ರಾಶಿ ಬಿತ್ತು, ನಾಯಿ ಎಳೆದಾಡಿತು, ಜನ ಸೇವಂತಿಯನ್ನೇ ಬೈದರು. ಬೆಂಕಿ ಹಚ್ಚಿದ್ದಕ್ಕೂ ಬೈಗಳು, ಬಾರದಿದ್ದದ್ದಕ್ಕೂ ಬೈಗಳು.

"ಬಿಟ್ಟುಬಿಡ್" ಎಂದ ಬೆಳ್ಯಪ್ಪ. "ಎಂತ ಉಟ್ಟು ಅದ್ರಲ್ಲಿ?"

"ನಾನು ಬಿಟ್ರೆ ನಾನೇ ಹಚ್ಚಿದ್ದು ಅಂತ ಆಗ್ತದೆ."

ತೀರ್ಮಾನಕ್ಕೆ ಪಂಚಾಯತು ಸಭೆ ಕರೆಯಿತು. ಆ ದಿನ ಬೆಳ್ಯಪ್ಪ ಟ್ಯಾಪಿಂಗು ಬೇಗ ಮುಗಿಸಿ ಬಂದು ಪಂಚಾಯತಿನ ಹೊರಗೆ ಕಟ್ಟೆಯ ಮೇಲೆ ಕುಳಿತ, ಅಷ್ಟು ಮಾಡಿದ.

ಸಭೆಯಲ್ಲಿ ಅಧ್ಯಕ್ಷರು ಒಳ್ಳೆಯ ಮಾತಿನಲ್ಲೇ ಶುರು ಮಾಡಿದರು. "ನೋಡಿ ಸೇವಂತಿ, ನಿಮ್ಮ ಕೆಲಸದ ಬಗ್ಗೆ ನಮ್ಮದು ದೂರಿಲ್ಲ. ಆದರೆ ಪ್ಲಾಸ್ಟಿಕ್ಕನ್ನು ಆ ಗೂಡಿಗೆ ಹಾಕ್ಲಿಕ್ಕೆ ಯಾರು ಹೇಳಿದ್ದು ನಿಮಗೆ?"

"ಯಾರೂ ಹೇಳಿಲ್ಲ. ನನಗೇ ಕಂಡದ್ದು."

"ಹಾಗಾದ್ರೆ ನಿಮ್ಮ ತಪ್ಪಿನಿಂದ ಬೆಂಕಿ ಬಿದ್ದದ್ದು ಅಂತ ಒಪ್ಪಿಕೊಳ್ಳಿ. ಇಲ್ಲಿಗೆ ಮುಗಿಸುವ. ಕೀ ತೆಗೊಂಡು ಹೋಗಿ."

ಕೀ ಅವರ ಮೇಜಿನ ಮೇಲೆಯೇ ಇತ್ತು. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಹೂಂ ಎಂದುಬಿಟ್ಟರೆ ಆಗಿತ್ತು. ಬೇರೆ ಯಾರಾದರೂ ಆಗಿದ್ದರೆ ಎಂದುಬಿಡುತ್ತಿದ್ದರು, ಅಷ್ಟು ಬಳಲಿದ್ದಳು ಅವಳು.

"ಒಣಗಿಸಿದ್ದು ನನ್ನ ತಪ್ಪು" ಎಂದಳು ಸೇವಂತಿ. "ಕಬ್ಬಿಣದ ಗೋರೆ ಕೊಟ್ಟದ್ದೂ ನನ್ನ ತಪ್ಪು. ಅದನ್ನು ಒಪ್ಪಿಕೊಳ್ತೇನೆ. ಫೌಝಿಯಾಳ ಮನೆಗೆ ಹೋಗಿ ಒಪ್ಪಿಕೊಂಡೂ ಆಗಿದೆ. ಹಾಲಿನ ಪ್ಯಾಕೆಟ್ಟಿನೊಳಗೆ ಬ್ಯಾಟರಿ ಇಟ್ಟು ಬಾಯಿ ಕಟ್ಟಿದ್ದು ನಾನಲ್ಲ. ಅದನ್ನು ಒಪ್ಪಿಕೊಳ್ಲಿಕ್ಕೆ ಆಗುದಿಲ್ಲ."

ಲತೀಶ್ ಕುರ್ಚಿಯಲ್ಲಿ ಸ್ವಲ್ಪ ಮುಂದೆ ಬಂದ. "ಯಾರು ಇಟ್ಟದ್ದು ಅಂತ ಗೊತ್ತುಂಟಾ ನಿಮಗೆ? ಗೊತ್ತಿದ್ರೆ ಹೆಸರು ಹೇಳಿ."

"ಗೊತ್ತಿಲ್ಲ ಲತೀಶಣ್ಣ. ಗೊತ್ತಿದ್ರೆ ಸುಲಭ ಇತ್ತು. ಆ ಒಂದು ಮನೆಯ ಗೇಟಿನ ಹತ್ರ ಗಾಡಿ ನಿಲ್ಲಿಸದೆ ಹೋದ್ರೆ ಮುಗೀತು. ಈಗ ಎಲ್ಲ ಗೇಟಿನ ಹತ್ರವೂ ಹೆದರಿಕೊಂಡೇ ನಿಲ್ಲಿಸ್ಬೇಕು."

"ಎಲ್ಲರ ಮನೆಯಲ್ಲೂ ಬ್ಯಾಟರಿ ಉಂಟಕ್ಕ, ಹಾಗಂತ ಎಲ್ಲರೂ ಕಳ್ಳರಾ?"

"ನಿಮ್ಮ ಮನೆಯಲ್ಲಿ ಎಷ್ಟು ಉಂಟು?"

ಲತೀಶ್ ನಕ್ಕ. ಯಾರೂ ಜತೆಗೂಡಲಿಲ್ಲ. ಅವನು ನಗು ನಿಲ್ಲಿಸಿ, ಮನಸ್ಸಿನಲ್ಲೇ ಡ್ರಾಯರು ಎಳೆದು ಎಣಿಸತೊಡಗಿದ. ಅಲ್ಲಿ ಕುಳಿತವರೆಲ್ಲ ಅದನ್ನೇ ಮಾಡುತ್ತಿದ್ದರು. ಮೊದಲ ಸ್ಮಾರ್ಟ್‌ಫೋನು, ಮಗಳಿಗೆ ಕೊಡಿಸಿದ್ದು, ಪವರ್‌ಬ್ಯಾಂಕು, ಕಿವಿಗೆ ಹಾಕುವ ಬಟಾಣಿಯಂಥವು, ಗಡ್ಡ ಬೋಳಿಸುವ ಮಿಷನ್ನು. ಪ್ರತಿ ಮನೆಯಲ್ಲೂ ಒಂದು ಸಣ್ಣ ಸಿಡಿಮದ್ದಿನ ಮನೆ.

ಅಧ್ಯಕ್ಷರು ಕೀಯನ್ನು ಮೇಜಿನ ಮೇಲೆ ಅವಳ ಕಡೆಗೆ ದೂಡಿದರು. "ಆಯ್ತು, ಹೋಗಿ. ಇನ್ನು ಯಾವುದನ್ನೂ ಒಣಗಿಸುವ ಹಾಗಿಲ್ಲ."

"ಬ್ಯಾಟರಿ ಬೇರೆ ಕೊಡ್ಬೇಕು ಅಂತ ಮನೆಮನೆಗೆ ಯಾರಾದರೂ ಸದಸ್ಯರು ಬಂದು ಹೇಳಿದ್ರೆ ಒಳ್ಳೇದಿತ್ತು. ನಾನು ಹೇಳಿದ್ರೆ ಕೇಳುದಿಲ್ಲ."

"ನೋಡುವ" ಎಂದರು ಅಧ್ಯಕ್ಷರು.

ಕೀ ಬಂತು. ಗೆದ್ದೆ ಎಂದು ಅವಳಿಗೆ ಅನಿಸಲಿಲ್ಲ. ಹೊರಗೆ ಕಟ್ಟೆಯಲ್ಲಿದ್ದ ಬೆಳ್ಯಪ್ಪ ಅವಳ ಕೈ ನೋಡಿದ, ಕೀ ಕಂಡಿತು, ಎದ್ದು ನಡೆದ.

ಈಗ ಸೇವಂತಿಯ ಗಾಡಿಯಲ್ಲಿ ಡ್ರೈವರ್ ಸೀಟಿನ ಪಕ್ಕ ಮರಳು ತುಂಬಿದ ಹಳೆಯ ಎಣ್ಣೆ ಡಬ್ಬ ಒಂದುಂಟು. ಗೇಟಿನ ಹತ್ತಿರ ಇಳಿದು, ಬ್ಯಾಟರಿ ಇದ್ದರೆ ಕೈಯಲ್ಲಿ ಕೊಡಿ, ಬಯ್ಯುವುದಿಲ್ಲ, ಯಾರದ್ದೆಂದು ಹೇಳುವುದಿಲ್ಲ, ಸುಳ್ಯದ ರವೂಫ್ ಕಳಿಸಿಕೊಡುತ್ತಾನೆ ಎಂದು ಹೇಳುತ್ತಾಳೆ. ಪ್ರತಿ ಗೇಟಿನಲ್ಲೂ ಅದೇ ಮಾತು, ಅದೇ ಸ್ವರ. ಮೊದಲ ವಾರ ಎಲ್ಲರದ್ದೂ ಒಂದೇ ಉತ್ತರ.

"ನಮ್ಮಲ್ಲಿ ಅಂಥದ್ದು ಎಂತದೂ ಇಲ್ಲ."

"ಇಲ್ಲ ಮಾರಾಯ್ತಿ, ನಾವೆಲ್ಲ ಆಗಲೇ ಬಿಸಾಡಿ ಆಗಿದೆ." ಎಲ್ಲಿಗೆ ಬಿಸಾಡಿದ್ದೆಂದು ಅವಳು ಕೇಳಲಿಲ್ಲ.

"ಬೆಂಕಿ ಗಾಡಿ ಬಂತು" ಎಂದು ಒಬ್ಬ ಜಗಲಿಯಲ್ಲಿ ಕುಳಿತೇ ಹೇಳಿದ. ಅವನ ಫೋನು ಚಾರ್ಜರಿಗೆ ಸಿಕ್ಕಿಸಿದ ಹಾಗೆಯೇ ಕೈಯಲ್ಲಿತ್ತು.

ಮೊದಲು ಕೊಟ್ಟವರು ಮೈಮೂನಮ್ಮ. ಎಪ್ಪತ್ತು ದಾಟಿದ ಹೆಂಗಸು, ಗಂಡ ಮೂಸಕುಂಞಿ ತೀರಿಕೊಂಡು ಮೂರು ವರ್ಷ. ಗೇಟಿನ ಹತ್ತಿರ ಬಂದು ನಿಂತರು, ಒಳಗೆ ಹೋದರು, ಪುನಃ ಬಂದರು.

"ಮಗಳೇ, ಅದು ಕೊಟ್ರೆ ಫೋಟೋ ಹೋಗ್ತದಾ?"

"ಯಾವ ಫೋಟೋ ಮೈಮೂನಮ್ಮ?"

"ಅವರದ್ದು. ಆ ಫೋನಿನಲ್ಲಿ ಉಂಟು. ಆನ್ ಆಗುದಿಲ್ಲ ಈಗ. ಹೊಟ್ಟೆ ಉಬ್ಬಿದೆ. ಮಕ್ಕಳು ಬಿಸಾಡಿ ಅಂತಾರೆ. ನಾನು ಅಕ್ಕಿ ಡಬ್ಬಿಯಲ್ಲಿ ಇಟ್ಟಿದ್ದೇನೆ, ಸರಿ ಆಗ್ತದಾ ಅಂತ."

ಅಡುಗೆಮನೆಯಲ್ಲಿ, ಒಲೆಯ ಹತ್ತಿರ, ಅಕ್ಕಿಯೊಳಗೆ. ರವೂಫ್ ಆ ಬ್ಯಾಟರಿ ತೆಗೆದು ಬೇರೆ ಹಾಕಿ ಫೋಟೋ ಇಳಿಸಿಕೊಡಬಹುದು, ನಾನೇ ಕೇಳಿ ಹೇಳುತ್ತೇನೆ ಎಂದಳು ಸೇವಂತಿ. ಮೈಮೂನಮ್ಮ ಫೋನನ್ನು ತಲೆಗೆ ಹಾಕುವ ಬಟ್ಟೆಯಲ್ಲಿ ಸುತ್ತಿ, ಮಗುವನ್ನು ಕೊಡುವ ಹಾಗೆ ಎರಡೂ ಕೈಯಲ್ಲಿ ಕೊಟ್ಟರು. ಮೂಸಕುಂಞಿಯವರ ಫೋಟೋಗಳಲ್ಲಿ ಹೆಚ್ಚಿನವು ಸಿಕ್ಕಿದವು. ಒಂದರಲ್ಲಿ ಅವರು ನೆಲ್ಯಾಡಿಯ ಒಂದು ಮದುವೆಯಲ್ಲಿ ಬಿರಿಯಾನಿಯ ತಟ್ಟೆಯನ್ನು ಸಿಟ್ಟಿನಿಂದ ನೋಡುತ್ತಿದ್ದಾರೆ. ಅದನ್ನೇ ದೊಡ್ಡದು ಮಾಡಿಸಿ ಗೋಡೆಗೆ ಹಾಕಿಸಿದರು ಮೈಮೂನಮ್ಮ. ನಗುವ ಫೋಟೋ ಹಾಕಬಹುದಿತ್ತಲ್ಲ ಎಂದರೆ, "ನನ್ನ ಜತೆ ಅವರು ಹೀಗೇ ಇದ್ದದ್ದು" ಎಂದರು.

ಇಲ್ಲಿಗೆ ಮುಗಿಸಿದ್ದರೆ ಒಳ್ಳೆಯ ಕತೆ ಆಗುತ್ತಿತ್ತು. ಮುಗಿಸಲು ಊರು ಬಿಡುವುದಿಲ್ಲ.

ಜನವರಿಯಲ್ಲಿ ಫೌಝಿಯಾ ಕೆಲಸಕ್ಕೆ ತಿರುಗಿ ಬಂದಳು. ಬಲಗೈಯ ಚರ್ಮ ಬಿಗಿದುಕೊಂಡಿದೆ, ಮೊಣಕೈ ಪೂರ್ತಿ ಬಿಡಿಸಲು ಆಗುವುದಿಲ್ಲ. ಉದ್ದ ತೋಳಿನ ಹತ್ತಿ ಬಟ್ಟೆ ಹಾಕುತ್ತಾಳೆ. ಎಡಗೈಯಲ್ಲಿ ವಿಂಗಡಿಸಲು ಕಲಿಯುತ್ತಿದ್ದಾಳೆ. ಈಗ ಪ್ರತಿಯೊಂದು ಹಾಲಿನ ಪ್ಯಾಕೆಟ್ಟನ್ನೂ ಇಬ್ಬರೂ ಬೆರಳಲ್ಲಿ ಒತ್ತಿ ನೋಡಿಯೇ ಮುಂದೆ ಹಾಕುವುದು. ಕೆಲಸ ಎರಡು ಪಾಲು ನಿಧಾನ. ಲಾರಿಯವರು ಬೈಯುತ್ತಾರೆ.

ಮೊದಲ ದಿನವೇ, ಊಟಕ್ಕೆ ಏಳುವ ಮುಂಚೆ, ಫೌಝಿಯಾಳ ಎಡಗೈ ನಿಂತಿತು.

"ಅಕ್ಕ."

ಸೇವಂತಿ ಬಂದು ಕತ್ತರಿಯಿಂದ ಮೆಲ್ಲನೆ ಪ್ಯಾಕೆಟ್ಟಿನ ಬಾಯಿ ಬಿಡಿಸಿದಳು. ಒಳಗೆ ಇನ್ನೊಂದು ಪ್ಯಾಕೆಟ್ಟು. ಅದರೊಳಗೆ ಐದು ಸಾವಿರದ್ದು, ದಿಂಬಿನ ಹಾಗೆ ಉಬ್ಬಿದ್ದು. ಹೊರಗಿನ ಪ್ಯಾಕೆಟ್ಟನ್ನು ಚೆನ್ನಾಗಿ ತೊಳೆದು, ಒರೆಸಿ, ಅಂದವಾಗಿ ಗಂಟು ಹಾಕಿದ್ದರು. ಬೆಂಕಿ ಬಿದ್ದದ್ದು ಗೊತ್ತಿದ್ದ, ಫೌಝಿಯಾಳ ಕೈ ಗೊತ್ತಿದ್ದ, ಆ ಬೆಳಿಗ್ಗೆ ಗೇಟಿನ ಹತ್ತಿರ "ನಮ್ಮಲ್ಲಿ ಇಲ್ಲ" ಎಂದಿದ್ದ ಯಾರದ್ದೋ ಮನೆಯ ಗಂಟು.

"ಹೆಂಗಸೇ ಕಟ್ಟಿದ್ದು" ಎಂದಳು ಫೌಝಿಯಾ. "ಗಂಡಸಿಗೆ ಇಷ್ಟು ಚಂದ ಗಂಟು ಹಾಕ್ಲಿಕ್ಕೆ ಬರುದಿಲ್ಲ."

ಸೇವಂತಿ ಅದನ್ನು ಮರಳಿನ ಡಬ್ಬಕ್ಕೆ ಹಾಕಿ, ಕೈ ತೊಳೆದು, ಬುತ್ತಿ ತೆರೆದಳು. ಇಬ್ಬರೂ ಉಂಡರು. ಉಂಡು ಪುನಃ ಮೇಜಿನ ಮುಂದೆ ನಿಂತರು, ಇನ್ನೂ ಮೂರು ಚೀಲ ಬಾಕಿ ಇತ್ತು.

ಸುಳ್ಯದಲ್ಲಿರಿ, ಪುತ್ತೂರಿನಲ್ಲಿರಿ, ಕಡಬದಲ್ಲಿರಿ, ನಿಮ್ಮ ಊರಿನಲ್ಲೂ ಇಂಥ ಒಂದು ಮೇಜು ಉಂಟು, ಅದರ ಮುಂದೆ ಇಬ್ಬರು ನಿಂತಿರುತ್ತಾರೆ. ಇದನ್ನು ಓದಿ ಅಯ್ಯೋ ಪಾಪ ಎನ್ನಬೇಡಿ, ಅದರಿಂದ ಯಾರ ಚರ್ಮವೂ ಉಳಿಯುವುದಿಲ್ಲ. ಎದ್ದು ಹೋಗಿ ಮನೆಯ ಹಳೆಯ ಫೋನುಗಳನ್ನು ಹೊರಗೆ ತೆಗೆಯಿರಿ. ಉಬ್ಬಿದ್ದನ್ನು ಒತ್ತಬೇಡಿ, ಚುಚ್ಚಬೇಡಿ, ಪ್ಯಾಕೆಟ್ಟಿಗೆ ತುರುಕಬೇಡಿ. ನಾಳೆ ಬೆಳಿಗ್ಗೆ ಗಾಡಿ ಬಂದಾಗ ಮಕ್ಕಳನ್ನು ಕಳಿಸದೆ ಗೇಟಿನ ತನಕ ನೀವೇ ನಡೆದು ಹೋಗಿ. ಗಾಡಿಯವಳ ಮುಖ ನೋಡಿ, ಇದು ಬ್ಯಾಟರಿ ಎಂದು ಬಾಯಿ ಬಿಟ್ಟು ಹೇಳಿ, ಅವಳ ಕೈಗೆ ಕೊಡಿ.